ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ: ಹೊಸ ಫ್ರೀಲ್ಯಾನ್ಸ್ ಟೆಕ್ನೀಶಿಯನ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ನಾನು ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು. ಮೊದಲ ಮೂರು ವರ್ಷ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ಕೂತು ಕಲಿತೆ. ಆಮೇಲಿಂದ ಹೋಮ್ ಸರ್ವೀಸ್ ಕಂಪನಿಗಳಿಗೆ ಫ್ರೀಲ್ಯಾನ್ಸ್ ಆಗಿ ದುಡಿಯುತ್ತಿದ್ದೇನೆ. ಹೊಸದಾಗಿ ಬರುವ ಹುಡುಗರು ಫೋನ್ ಮಾಡಿ ಅವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಗಾಡಿ ಸೈಡಿಗೆ ಹಾಕಿ ಉತ್ತರ ಹೇಳಿ ಸಾಕಾಗಿ, ಒಂದೇ ಸಲ ಬರೆದು ಇಡುತ್ತಿದ್ದೇನೆ.

ಇದು ನೌಕರಿನಾ, ಸ್ವಂತ ಕೆಲಸನಾ?

ಎರಡೂ ಅಲ್ಲ. ಆದರೆ ಎರಡರ ಕಷ್ಟವೂ ಇದೆ. ಗ್ರಾಹಕರು ಕಂಪನಿಗೆ ಫೋನ್ ಮಾಡುತ್ತಾರೆ ಅಥವಾ ಆ್ಯಪ್‌ನಲ್ಲಿ ಬುಕ್ ಮಾಡುತ್ತಾರೆ. ಕಂಪನಿ ಆ ಕಾಲ್ ಅನ್ನು ನಿಮಗೆ ಕೊಡುತ್ತದೆ. ನಿಮ್ಮ ಗಾಡಿ, ನಿಮ್ಮ ಪೆಟ್ರೋಲ್, ನಿಮ್ಮ ಟೂಲ್ಸ್. ಕೆಲಸ ಮುಗಿದರೆ ಕಾಲ್‌ಗೆ ಇಷ್ಟು ಅಂತ ದುಡ್ಡು. ಕಾಲ್ ಇಲ್ಲದ ದಿನ ಸೊನ್ನೆ. ಟೀ ಶರ್ಟ್ ಮಾತ್ರ ಕಂಪನಿಯದು, ಅದರ ದುಡ್ಡನ್ನೂ ಕೆಲವರು ಮೊದಲ ಪೇಔಟ್‌ನಲ್ಲಿ ಹಿಡಿದುಕೊಳ್ಳುತ್ತಾರೆ.

ಬೇಡವಾದ ಕಾಲ್ ಬಿಡಬಹುದು ಅಂತ ಅಗ್ರಿಮೆಂಟಿನಲ್ಲಿ ಬರೆದಿರುತ್ತದೆ. ಮೂರು ಸಲ ಬಿಟ್ಟು ನೋಡಿ, ನಾಲ್ಕನೆಯದು ಬರುವುದೇ ನಿಧಾನವಾಗುತ್ತದೆ.

ಎಷ್ಟು ಓದಿರಬೇಕು?

ಡಿಗ್ರಿ ಬೇಕಿಲ್ಲ. ಡಿಪ್ಲೊಮಾ ಇದ್ದರೆ ಒಳ್ಳೆಯದು. ಐಟಿಐನಲ್ಲಿ ಕಂಪ್ಯೂಟರ್ ಆಪರೇಟರ್ ಕೋರ್ಸ್ ಮಾಡಿದವರೂ ಬರುತ್ತಾರೆ, ಆದರೆ ಅದರಲ್ಲಿ ಹಾರ್ಡ್‌ವೇರ್ ಕಡಿಮೆ. ಎಲೆಕ್ಟ್ರಾನಿಕ್ಸ್ ಸ್ಕಿಲ್ ಕೌನ್ಸಿಲ್‌ನ ಫೀಲ್ಡ್ ಟೆಕ್ನೀಶಿಯನ್ ಕೋರ್ಸ್ ಒಂದಿದೆ, ಕೆಲವು ತರಬೇತಿ ಕೇಂದ್ರಗಳಲ್ಲಿ ಕಲಿಸುತ್ತಾರೆ.

ಇದಕ್ಕಿಂತ ಆರು ತಿಂಗಳು ಒಂದು ಅಂಗಡಿಯಲ್ಲಿ ಕೂರಿ ಅಂತ ನಾನು ಹೇಳುತ್ತೇನೆ. ಸಂಬಳ ಕಡಿಮೆಯಾದರೂ ಸರಿ. ಅಂಗಡಿಯಲ್ಲಿ ದಿನಕ್ಕೆ ಹತ್ತು ಮಷಿನ್ ಬಿಚ್ಚುತ್ತೀರಿ. ತಪ್ಪಾದರೆ ಪಕ್ಕದಲ್ಲಿ ಹಿರಿಯರು ಇರುತ್ತಾರೆ. ಗ್ರಾಹಕರ ಮನೆಯ ಹಾಲ್‌ನಲ್ಲಿ ತಪ್ಪಾದರೆ ಪಕ್ಕದಲ್ಲಿ ಅವರ ಮಾವನವರು ಕೂತಿರುತ್ತಾರೆ.

ಸೇರುವಾಗ ಏನೇನು ಕೇಳುತ್ತಾರೆ? ದುಡ್ಡು ಕಟ್ಟಬೇಕಾ?

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಡಿಎಲ್, ಗಾಡಿಯ ಆರ್‌ಸಿ. ಹೆಚ್ಚಿನ ಕಡೆ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ಕೇಳುತ್ತಾರೆ. ಅದಕ್ಕೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ನೀವೇ ಅರ್ಜಿ ಹಾಕಬಹುದು, ಏಜೆಂಟ್ ಬೇಡ.

ರಿಜಿಸ್ಟ್ರೇಶನ್ ಫೀ, ಟ್ರೈನಿಂಗ್ ಫೀ, ಲೀಡ್ ಪ್ಯಾಕೇಜ್ ಅಂತ ಮೊದಲೇ ಐದು ಸಾವಿರ ಕೇಳಿದರೆ ಎದ್ದು ಬನ್ನಿ. ನಾನೇ ಒಂದು ಸಲ ಸಿಕ್ಕಿಹಾಕಿಕೊಂಡಿದ್ದೆ. ಮೂವತ್ತು ಕಾಲ್ ಗ್ಯಾರಂಟಿ ಅಂದರು, ನಾಲ್ಕು ಬಂತು. ಅದರಲ್ಲಿ ಒಂದು ಹೊಸಕೋಟೆಯಿಂದ. ನಾನಿರುವುದು ಕೆಂಗೇರಿಯಲ್ಲಿ.

ತಿಂಗಳಿಗೆ ಎಷ್ಟು ಸಿಗುತ್ತದೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಜಾಹೀರಾತಿನಲ್ಲಿ ನಲವತ್ತು ಸಾವಿರ ಅಂತ ಹಾಕಿರುತ್ತಾರೆ. ಅದನ್ನು ನಂಬುವ ಮುಂಚೆ ನನ್ನ ಲೆಕ್ಕದ ಪುಸ್ತಕದ ಒಂದು ತಿಂಗಳು ನೋಡಿ. ಅದು ತೀರಾ ಕೆಟ್ಟ ತಿಂಗಳೂ ಅಲ್ಲ, ಒಳ್ಳೆಯದೂ ಅಲ್ಲ.

ಆಗ ವಿಸಿಟಿಂಗ್ ಚಾರ್ಜ್ 400 ರೂಪಾಯಿ ಇತ್ತು. ನನ್ನ ಪಾಲು ಶೇ. 60, ಅಂದರೆ 240. ಆ ತಿಂಗಳು ದುಡ್ಡು ಬಂದ ಕಾಲ್ 78. ಅಲ್ಲಿಗೆ 18,720 ಆಯಿತು. ಸ್ಪೇರ್ ಪಾರ್ಟ್ ಕಮಿಷನ್ 4,600. ಒಟ್ಟು 23,320. ಚೆನ್ನಾಗಿದೆ ಅನ್ನಿಸುತ್ತದೆ ಅಲ್ವಾ? ಈಗ ಖರ್ಚು. ಪೆಟ್ರೋಲ್ 3,400, ಗಾಡಿ ಸರ್ವೀಸ್ 700, ಫೋನ್ 350. ಸ್ಕ್ರೀನ್ ಹಾಕುವಾಗ ಡಿಸ್‌ಪ್ಲೇ ಕೇಬಲ್ ನನ್ನ ಕೈಯಲ್ಲೇ ಕಿತ್ತುಹೋಗಿ ಅದರ 800 ನಾನೇ ಕೊಟ್ಟೆ. ಒಟ್ಟು 5,250. ಕೈಗೆ ಉಳಿದದ್ದು 18,070.

ಇನ್ನೂ ಒಂದು ಲೆಕ್ಕ ಇದೆ. ಆ ತಿಂಗಳು ನಾನು ಹೋದದ್ದು 78 ಮನೆಗಲ್ಲ, 93ಕ್ಕೆ. ಒಂಬತ್ತು ರಿಪೀಟ್ ಕಾಲ್, ಅಂದರೆ ಮಾಡಿದ ಕೆಲಸಕ್ಕೇ ಮತ್ತೆ ಕರೆಸಿದ್ದು, ಅದಕ್ಕೆ ದುಡ್ಡಿಲ್ಲ. ಆರು ಕಡೆ ಬಾಗಿಲಿಗೆ ಹೋದ ಮೇಲೆ ಕ್ಯಾನ್ಸಲ್. ಹೀಗೆ ನೋಡಿದರೆ ಒಂದು ಮನೆ ಮೆಟ್ಟಿಲು ಹತ್ತಿದ್ದಕ್ಕೆ ಸಿಕ್ಕಿದ್ದು ಸುಮಾರು 194 ರೂಪಾಯಿ. ಸೇರುವ ಮುಂಚೆ ಹೀಗೆ ಲೆಕ್ಕ ಹಾಕಿ. ಒಂದು ಕಾಲ್‌ಗೆ ಎಷ್ಟು ಅಂತ ಕಂಪನಿ ಹೇಳುತ್ತದೆ. ಒಂದು ಬಾಗಿಲಿಗೆ ಎಷ್ಟು ಬಿತ್ತು ಅನ್ನುವುದನ್ನು ನೀವೇ ಬರೆದಿಟ್ಟುಕೊಳ್ಳಬೇಕು.

ಮಾರ್ಚ್‌ನಲ್ಲಿ ಲೆಕ್ಕ ಮುಗಿಸುವವರ ಗಡಿಬಿಡಿ, ಜೂನ್‌ನಲ್ಲಿ ಸ್ಕೂಲ್ ಶುರು. ಆಗ ಕಾಲ್ ಜಾಸ್ತಿ. ದಸರಾ ರಜೆಯಲ್ಲಿ ಊರೇ ಖಾಲಿ.

ಏರಿಯಾ ಹೇಗೆ ಆರಿಸಿಕೊಳ್ಳಲಿ?

ಮನೆಯಿಂದ ಏಳೆಂಟು ಕಿಲೋಮೀಟರ್ ಒಳಗಿನ ಪಿನ್‌ಕೋಡ್ ಮಾತ್ರ ಬರೆಸಿ. ಶುರುವಿನಲ್ಲಿ ಆಸೆಗೆ ಬಿದ್ದು ಇಡೀ ಬೆಂಗಳೂರು ಬರೆಸಿದವರು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲೇ ಅರ್ಧ ದಿನ ಕಳೆಯುತ್ತಾರೆ. ಮೆಟ್ರೋ ಲೈನ್ ಪಕ್ಕದ ಏರಿಯಾ ಆದರೆ ದೂರವಾದರೂ ಪರವಾಗಿಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಾಲ್‌ಗೆ ನಾನು ಗಾಡಿ ತೆಗೆಯುವುದೇ ಇಲ್ಲ.

ದೊಡ್ಡ ಅಪಾರ್ಟ್‌ಮೆಂಟ್ ಅಂದರೆ ಗೇಟಿನಲ್ಲಿ ಹತ್ತು ನಿಮಿಷ ಸೇರಿಸಿಕೊಳ್ಳಿ. ಸೆಕ್ಯೂರಿಟಿ ಆ್ಯಪ್‌ನಲ್ಲಿ ಹಾಕುತ್ತಾರೆ, ಗ್ರಾಹಕರು ಒಪ್ಪಿಗೆ ಕೊಡಬೇಕು, ಅವರು ಮೀಟಿಂಗ್‌ನಲ್ಲಿ ಇರುತ್ತಾರೆ. ಹೊರಡುವ ಮುಂಚೆಯೇ ಒಂದು ಫೋನ್ ಮಾಡಿ ಹೇಳಿಬಿಡಿ.

ಬ್ಯಾಗಿನಲ್ಲಿ ಏನಿರಬೇಕು?

ಒಳ್ಳೆಯ ಸ್ಕ್ರೂಡ್ರೈವರ್ ಸೆಟ್, ಮಲ್ಟಿಮೀಟರ್, ಎರಡು ಇಂಚಿನ ಪೇಂಟ್ ಬ್ರಶ್, ಥರ್ಮಲ್ ಪೇಸ್ಟ್, ರಬ್ಬರ್. ಹೌದು, ಶಾಲೆ ಮಕ್ಕಳ ಪೆನ್ಸಿಲ್ ರಬ್ಬರೇ. ಹಳೆಯ ಡೆಸ್ಕ್‌ಟಾಪ್ ಡಿಸ್‌ಪ್ಲೇ ಬರುತ್ತಿಲ್ಲ ಅಂದರೆ ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಲ್ಲಿ ಮೆತ್ತಗೆ ಉಜ್ಜಿ ಹಾಕಿ. ಎಷ್ಟೋ ಕಾಲ್ ಅಲ್ಲಿಗೇ ಮುಗಿಯುತ್ತದೆ.

ಜೊತೆಗೆ ಮದರ್‌ಬೋರ್ಡಿಗೆ ಹಾಕುವ ನಾಣ್ಯದಂಥ ಸಿಆರ್2032 ಬ್ಯಾಟರಿ ಎರಡು, ಪರೀಕ್ಷೆಗೆ ಒಂದು ಡಿಡಿಆರ್3 ಮತ್ತು ಒಂದು ಡಿಡಿಆರ್4 ರ‍್ಯಾಮ್, ಒಂದು ಸಣ್ಣ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕನ್ನು ಯುಎಸ್‌ಬಿಗೆ ಹಾಕುವ ಕೇಬಲ್, ವೆಂಟಾಯ್ ಹಾಕಿದ ಪೆನ್‌ಡ್ರೈವ್. ವೆಂಟಾಯ್ ಇದ್ದರೆ ವಿಂಡೋಸ್ 10, ವಿಂಡೋಸ್ 11, ಲಿನಕ್ಸ್ ಮೂರೂ ಒಂದೇ ಪೆನ್‌ಡ್ರೈವ್‌ನಲ್ಲಿ ಇರುತ್ತವೆ.

ಒಂದು ಹಳೆಯ ಬೆಡ್‌ಶೀಟ್ ತುಂಡು ಇಟ್ಟುಕೊಳ್ಳಿ. ಕ್ಯಾಬಿನೆಟ್ ತೆಗೆದರೆ ಬೀಳುವ ಧೂಳು, ಸತ್ತ ಜಿರಲೆ, ಹಲ್ಲಿ ಮೊಟ್ಟೆ ಅದರ ಮೇಲೆ ಬೀಳಲಿ. ಆ ಬಟ್ಟೆ ಹಾಸಿದ್ದನ್ನು ನೋಡಿಯೇ ಮನೆಯವರಿಗೆ ಅರ್ಧ ಧೈರ್ಯ ಬರುತ್ತದೆ.

ಮನೆಗೆ ಹೋದ ತಕ್ಷಣ ಮೊದಲು ಏನು ಮಾಡಬೇಕು?

ಕೇಳಬೇಕು. ಯಾವಾಗಿಂದ ಹೀಗಾಗಿದೆ? ಹಿಂದಿನ ದಿನ ಏನಾದರೂ ಬದಲಾಯಿತಾ? ಕರೆಂಟ್ ಹೋಗಿತ್ತಾ, ಜಾಗ ಬದಲಾಯಿಸಿದ್ರಾ, ಬೇರೆ ಯಾರಾದರೂ ಮುಟ್ಟಿದ್ರಾ? ಹೊಸಬರು ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡೇ ಒಳಗೆ ಬರುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ಚಾಮರಾಜಪೇಟೆಯ ಒಂದು ಹಳೆಯ ಮನೆ. ಡೆಸ್ಕ್‌ಟಾಪ್ ತಾನಾಗೇ ರೀಸ್ಟಾರ್ಟ್ ಆಗುತ್ತದೆ, ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಕಾಲ್. ನನಗಿಂತ ಮುಂಚೆ ಬಂದಿದ್ದ ಇಬ್ಬರು ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ, ಬದಲಾಯಿಸಿ ಹೋಗಿದ್ದರು. ಎರಡು ಎಸ್‌ಎಂಪಿಎಸ್ ದಂಡ. ಮನೆಯ ಅಜ್ಜಿ ಅಡುಗೆಮನೆಯಿಂದಲೇ, "ಅಲ್ಲಪ್ಪಾ, ಅದನ್ನ ಆ ರೂಮಿಂದ ಈ ರೂಮಿಗೆ ತಂದಮೇಲೇ ಹೀಗಾಗಿದ್ದು" ಅಂದರು. ಮಲ್ಟಿಮೀಟರ್ ತೆಗೆದು ಗೋಡೆಯ ಸಾಕೆಟ್ ನೋಡಿದೆ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್, ಸರಿ. ಫೇಸ್‌ಗೂ ಅರ್ತ್‌ಗೂ ನಡುವೆ ಅಷ್ಟೇ ಬರಬೇಕು, ಅಲ್ಲಿ ಮೀಟರ್ ಸುಮ್ನೆ ಓಲಾಡುತ್ತಿತ್ತು. ಸಾಕೆಟ್ ಬಿಚ್ಚಿದರೆ ಮೂರನೇ ತೂತಿಗೆ ವೈರೇ ಇಲ್ಲ. ಅರ್ತ್ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸಣ್ಣ ಕರೆಂಟ್ ಕ್ಯಾಬಿನೆಟ್‌ಗೆ ಬರುತ್ತದೆ. ಎಷ್ಟು ಎಸ್‌ಎಂಪಿಎಸ್ ಹಾಕಿದರೂ ಅದು ಹೋಗುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಎಳೆಸಿ ಅಂತ ಹೇಳಿ ಬಂದೆ. ರೀಸ್ಟಾರ್ಟ್ ಆಗುತ್ತಿದ್ದದ್ದು ಅದೇ ಸಾಕೆಟ್ಟಿನ ಲೂಸ್ ನ್ಯೂಟ್ರಲ್‌ನಿಂದ. ನನಗೆ ಆ ದಿನ ಸಿಕ್ಕಿದ್ದು ವಿಸಿಟಿಂಗ್ ಚಾರ್ಜ್ ಮಾತ್ರ. ಆದರೆ ಆ ಮನೆಯಿಂದ ಇವತ್ತಿಗೂ ಕಂಪನಿಗೆ ಫೋನ್ ಮಾಡಿ ನನ್ನ ಹೆಸರು ಹೇಳಿಯೇ ಕರೆಸುತ್ತಾರೆ.

ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ.

ಫಾರ್ಮ್ಯಾಟ್ ಮಾಡಿ ಅಂದರೆ ಮಾಡಿಬಿಡಬಹುದಾ?

ಮಾಡಬೇಡಿ. ಈ ಕೆಲಸದಲ್ಲಿ ಜಗಳ ಆಗುವುದು ಇಲ್ಲೇ. "ಏನೂ ಇಲ್ಲಪ್ಪಾ, ಎಲ್ಲ ಹೊಡೆದುಹಾಕು" ಅನ್ನುವವರೇ ನಾಳೆ ಬೆಳಿಗ್ಗೆ ಮಗಳ ನಾಮಕರಣದ ಫೋಟೋ ಎಲ್ಲಿ ಅಂತ ಫೋನ್ ಮಾಡುತ್ತಾರೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಅವರ ಮುಂದೆಯೇ ತೆಗೆದು ತೋರಿಸಿ. ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಉಳಿಸಿದ್ದೀರಾ ಅಂತ ಕೇಳಿ. ಔಟ್‌ಲುಕ್ ಇದ್ದರೆ ಅದರ ಫೈಲ್ ನೋಡಿ.

ಸಣ್ಣ ವ್ಯಾಪಾರಿಗಳ ಮನೆಯಾದರೆ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇದೆಯಾ ಅಂತ ಕೇಳಲೇಬೇಕು. ಟ್ಯಾಲಿಯ ಡೇಟಾ ಬಹಳ ಸಲ ಸಿ ಡ್ರೈವ್‌ನಲ್ಲೇ ಇರುತ್ತದೆ. ಐದಾರು ಅಂಕಿಯ ಹೆಸರಿನ ಫೋಲ್ಡರ್, ನೋಡಿದರೆ ಏನೋ ಕಸ ಅನ್ನಿಸುತ್ತದೆ. ಒಂದು ವರ್ಷದ ಲೆಕ್ಕ ಅದರಲ್ಲಿರುತ್ತದೆ.

ನಮ್ಮ ಕಡೆಯ ಇನ್ನೊಂದು ಬಲೆ ಕನ್ನಡ ಟೈಪ್ ಮಾಡುವ ನುಡಿ ಮತ್ತು ಬರಹ ಸಾಫ್ಟ್‌ವೇರ್. ಬಸವನಗುಡಿಯ ಒಬ್ಬ ರಿಟೈರ್ಡ್ ಮೇಷ್ಟ್ರು ಇಪ್ಪತ್ತು ವರ್ಷದ ಬರವಣಿಗೆಯನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿ ಇಟ್ಟಿದ್ದರು. ನಾನು ಫೈಲ್ ಎಲ್ಲ ಜೋಪಾನವಾಗಿ ಕಾಪಿ ಮಾಡಿ, ಫಾರ್ಮ್ಯಾಟ್ ಮಾಡಿ, ವಾಪಸ್ ಹಾಕಿ ಮನೆಗೆ ಬಂದೆ. ಸಂಜೆ ಫೋನ್. "ಏನಪ್ಪಾ, ನನ್ನ ಕನ್ನಡ ಎಲ್ಲ ಇಂಗ್ಲಿಷ್ ಆಗಿಬಿಟ್ಟಿದೆ!" ಗಂಟಲು ಕಟ್ಟಿತ್ತು ಪಾಪ. ಫೈಲ್ ಸರಿಯಾಗೇ ಇತ್ತು. ನುಡಿಯ ಹಳೆಯ ಫಾಂಟ್ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅಕ್ಷರದ ಬದಲು ಇಂಗ್ಲಿಷಿನ ಚಿತ್ರವಿಚಿತ್ರ ಚಿಹ್ನೆ ಕಾಣುತ್ತವೆ. ಮರುದಿನ ಹೋಗಿ ನುಡಿ ಹಾಕಿದೆ, ಎಲ್ಲ ವಾಪಸ್ ಬಂತು. ಅದು ರಿಪೀಟ್ ಕಾಲ್ ಆದ್ದರಿಂದ ದುಡ್ಡಿಲ್ಲ. ಅವತ್ತಿನಿಂದ ಫಾರ್ಮ್ಯಾಟ್‌ಗೆ ಮುಂಚೆ ಫಾಂಟ್ಸ್ ಫೋಲ್ಡರ್ ಕೂಡ ಕಾಪಿ ಮಾಡುತ್ತೇನೆ. ನುಡಿ, ಬರಹ ಎರಡೂ ನನ್ನ ಪೆನ್‌ಡ್ರೈವ್‌ನಲ್ಲಿ ಯಾವಾಗಲೂ ಇರುತ್ತವೆ.

ಹೊಸ ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್, ಅಂದರೆ ವಿಂಡೋಸ್‌ನ ಡಿಸ್ಕ್ ಬೀಗ, ಇದೆಯಾ ನೋಡಿ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗೇ ಲಾಕ್ ಆಗಿರುತ್ತದೆ, ಮನೆಯವರಿಗೆ ಅದು ಗೊತ್ತೇ ಇರುವುದಿಲ್ಲ. ಬಯೋಸ್ ಅಪ್‌ಡೇಟ್ ಮಾಡಿದರೆ, ಮದರ್‌ಬೋರ್ಡ್ ಬದಲಾಯಿಸಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಅವರ ಅಕೌಂಟಿನಲ್ಲಿ ಇರುತ್ತದೆ. ಅಕೌಂಟ್ ಪಾಸ್‌ವರ್ಡ್ ಮರೆತು, ರೀಸೆಟ್ ಮಾಡಲೂ ಆಗದಿದ್ದರೆ? ಡೇಟಾ ಹೋಯಿತು ಅಂತಲೇ ಲೆಕ್ಕ. ಆದ್ದರಿಂದ ಕೀ ಕೈಯಲ್ಲಿ ಸಿಗುವವರೆಗೆ ಅದರ ತಂಟೆಗೆ ಹೋಗಬೇಡಿ.

ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದೆ, ಡೇಟಾ ತೆಗೆದುಕೊಡಲಾ?

ಆಫ್ ಮಾಡಿ. ಅಷ್ಟೇ ನಿಮ್ಮ ಕೆಲಸ. ಆ ಸದ್ದು ಬಂದಿದೆ ಅಂದರೆ ಡೇಟಾ ಓದುವ ಒಳಗಿನ ಹೆಡ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಮತ್ತೆ ಮತ್ತೆ ಆನ್ ಮಾಡಿ ರಿಕವರಿ ಸಾಫ್ಟ್‌ವೇರ್ ಓಡಿಸಿದಷ್ಟೂ ಪ್ಲೇಟ್ ಗೀಚಿ ಹೋಗುತ್ತದೆ. ಮುಖ್ಯವಾದ ಡೇಟಾ ಆದರೆ ಧೂಳಿಲ್ಲದ ಕ್ಲೀನ್ ರೂಮ್ ಇರುವ ರಿಕವರಿ ಲ್ಯಾಬ್‌ಗೆ ಕಳಿಸಿ, ಸಾವಿರಾರು ರೂಪಾಯಿ ಆಗಬಹುದು ಅಂತ ಮೊದಲೇ ಹೇಳಿ. ಫ್ರಿಜ್ಜಿನಲ್ಲಿ ಇಟ್ಟು ತೆಗೆದರೆ ಸರಿಹೋಗುತ್ತೆ ಅಂತ ಯಾರೋ ಹೇಳುತ್ತಾರೆ, ಕೇಳಬೇಡಿ.

ಕ್ರ್ಯಾಕ್ ವಿಂಡೋಸ್, ಕ್ರ್ಯಾಕ್ ಆಫೀಸ್ ಹಾಕಿಕೊಡಿ ಅಂತ ಕೇಳಿದರೆ?

ಕೇಳುತ್ತಾರೆ. ದಿನಕ್ಕೆ ಒಬ್ಬರಾದರೂ ಕೇಳುತ್ತಾರೆ. ಅಂಗಡಿಯವರು ಇನ್ನೂರಕ್ಕೆ ಹಾಕಿಕೊಟ್ಟಿದ್ರು ಅನ್ನುತ್ತಾರೆ. 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ ಗೊತ್ತಿದ್ದೂ ನಕಲಿ ಸಾಫ್ಟ್‌ವೇರ್ ಬಳಸುವುದಕ್ಕೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಇದೆ, ಜೊತೆಗೆ ದಂಡ. ಮನೆ ಬಳಕೆಯವರ ಮೇಲೆ ಯಾರೂ ಬರುವುದಿಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೆ ಜಾಬ್ ಶೀಟಿನಲ್ಲಿ ಇರುವುದು ನಿಮ್ಮ ಹೆಸರು, ನಿಮ್ಮ ಸಹಿ.

ಕಾನೂನು ಬಿಡಿ. ಕ್ರ್ಯಾಕ್ ಮಾಡುವ ಆ್ಯಕ್ಟಿವೇಟರ್ ಓಡಿಸಲು ಮೊದಲು ಆ್ಯಂಟಿವೈರಸ್ ಆಫ್ ಮಾಡಬೇಕು. ಅದೇ ಕಂಪ್ಯೂಟರಿನಲ್ಲಿ ಆ ಮನೆಯವರು ನೆಟ್‌ಬ್ಯಾಂಕಿಂಗ್ ಮಾಡುತ್ತಾರೆ. ನಾಳೆ ದುಡ್ಡು ಹೋದರೆ ಕೊನೆಗೆ ಬಂದು ಮುಟ್ಟಿದವರು ಯಾರು?

ನಾನು ಹೇಳುವುದು ಇಷ್ಟು: ಲ್ಯಾಪ್‌ಟಾಪ್ ಜೊತೆ ವಿಂಡೋಸ್ ಬಂದಿದ್ದರೆ ಲೈಸೆನ್ಸ್ ಬೋರ್ಡಿನಲ್ಲೇ ಇರುತ್ತದೆ, ಅದೇ ಎಡಿಷನ್ ಹಾಕಿದರೆ ತಾನಾಗೇ ಆ್ಯಕ್ಟಿವೇಟ್ ಆಗುತ್ತದೆ. ಬರೀ ಪತ್ರ ಬರೆಯುವುದು, ಸಣ್ಣ ಲೆಕ್ಕ ಅಷ್ಟೇ ಆದರೆ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಹಾಕುತ್ತೇನೆ. ಹತ್ತರಲ್ಲಿ ಆರು ಜನ ಒಪ್ಪುತ್ತಾರೆ. ಉಳಿದವರು ಬೇರೆಯವರನ್ನು ಕರೆಸಿಕೊಳ್ಳುತ್ತಾರೆ, ಕರೆಸಿಕೊಳ್ಳಲಿ.

ವಿಂಡೋಸ್ 10 ನಿಂತುಹೋಯಿತಂತೆ, ಹೊಸದು ತಗೊಳ್ಳಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಏನು ಹೇಳಲಿ?

ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆಯವರು ಹೆಚ್ಚುವರಿ ಸೆಕ್ಯೂರಿಟಿ ಅಪ್‌ಡೇಟ್‌ಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯೂರಿಟಿ ಭಾಗ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಶನ್ ಅಥವಾ ಆಮೇಲಿನದು ಬೇಕು. ಎಷ್ಟೋ ಮಷಿನ್‌ಗಳಲ್ಲಿ ಟಿಪಿಎಂ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಹೊಸದರ ಮಾತು.

ಏಳನೇ ಜನರೇಶನ್ ಮತ್ತು ಅದಕ್ಕಿಂತ ಹಳೆಯದಕ್ಕೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಹಾಕಿಕೊಡಿ. ಯೂಟ್ಯೂಬ್, ಮಕ್ಕಳ ಹೋಮ್‌ವರ್ಕ್, ಮೇಲ್ ಎಲ್ಲ ನಡೆಯುತ್ತದೆ. ಆದರೆ ಟ್ಯಾಲಿ ಬೇಕು, ಡಿಜಿಟಲ್ ಸಿಗ್ನೇಚರ್ ಟೋಕನ್ ಹಾಕಬೇಕು ಅನ್ನುವವರಿಗೆ ಲಿನಕ್ಸ್ ತಲೆಗೆ ಕಟ್ಟಬೇಡಿ. ವಾರಕ್ಕೆ ಮೂರು ರಿಪೀಟ್ ಕಾಲ್ ಗ್ಯಾರಂಟಿ.

ಸ್ಪೇರ್ ಪಾರ್ಟ್ ಎಲ್ಲಿಂದ ತರಬೇಕು?

ಅಗ್ರಿಮೆಂಟ್ ನೋಡಿ. ಕೆಲವು ಕಂಪನಿಯವರು ತಮ್ಮ ಸ್ಟೋರ್‌ನಿಂದಲೇ ತಗೊಳ್ಳಿ ಅನ್ನುತ್ತಾರೆ, ಕೆಲವರು ಬಿಲ್ ತಂದರೆ ಸಾಕು ಅನ್ನುತ್ತಾರೆ. ಬಿಲ್ ತರುವ ಹಾಗಿದ್ದರೆ ಎಸ್.ಪಿ. ರಸ್ತೆ, ಅಂದರೆ ನಮ್ಮ ಸದರ್ ಪತ್ರಪ್ಪ ರಸ್ತೆ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ಶನಿವಾರ ಸಂಜೆ ಪಾರ್ಟ್ ಬೇಕಾದ ಕಾಲ್‌ಗೆ ಭಾನುವಾರದ ಮಾತು ಕೊಡಬೇಡಿ.

ಜಿಎಸ್‌ಟಿ ಬಿಲ್ ಇಲ್ಲದ ಮಾಲು ತರಬೇಡಿ. ನೂರು ರೂಪಾಯಿ ಉಳಿಯುತ್ತದೆ, ವಾರಂಟಿ ಇರುವುದಿಲ್ಲ. ಹಳೆಯ ಪಾರ್ಟ್ ಅನ್ನು ಗ್ರಾಹಕರ ಕೈಗೇ ಕೊಡಿ. ಕೇಳದಿದ್ದರೂ ಕೊಡಿ. ಬೆಲೆ ಹೇಳುವ ಮುಂಚೆ ಅಂಗಡಿಗೆ ಫೋನ್ ಮಾಡಿ ಕೇಳಿಕೊಳ್ಳಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ರೀತಿ ನೋಡಿದರೆ ಕಳೆದ ತಿಂಗಳ ರೇಟ್ ಹೇಳಿ ಕೈ ಸುಟ್ಟುಕೊಳ್ಳುತ್ತೀರಿ.

ಗ್ರಾಹಕರು "ಕಂಪನಿ ಬೇಡ, ನೀವೇ ಡೈರೆಕ್ಟ್ ಬನ್ನಿ" ಅಂದರೆ?

ಆಸೆ ಆಗುತ್ತದೆ. 240 ಬರುವ ಕಡೆ 400 ಬರುತ್ತದೆ ಅಲ್ವಾ. ಹೆಚ್ಚಿನ ಅಗ್ರಿಮೆಂಟ್‌ಗಳಲ್ಲಿ ಇದಕ್ಕೆ ಐಡಿ ಬ್ಲಾಕ್ ಮಾಡುವ ಶರತ್ತು ಇರುತ್ತದೆ. ಕಂಪನಿಯವರೇ ಗ್ರಾಹಕರ ಹಾಗೆ ಫೋನ್ ಮಾಡಿ ಪರೀಕ್ಷೆ ಮಾಡುವುದೂ ಉಂಟು. ನಾನು ಕಂಪನಿಯ ಮೂಲಕ ಬಂದ ಗ್ರಾಹಕರಿಗೆ ನನ್ನ ನಂಬರ್ ಕೊಡುವುದಿಲ್ಲ. ನಮ್ಮ ಬೀದಿಯವರು, ನೆಂಟರು, ನನ್ನ ಮಕ್ಕಳ ಸ್ಕೂಲಿನ ಪೋಷಕರು, ಇವರೆಲ್ಲ ನನ್ನ ಸ್ವಂತ ಗ್ರಾಹಕರು. ಅದನ್ನು ಯಾವ ಅಗ್ರಿಮೆಂಟೂ ತಡೆಯಬಾರದು. ಸಹಿ ಹಾಕುವಾಗ "ಬೇರೆ ಎಲ್ಲೂ ಕೆಲಸ ಮಾಡಬಾರದು" ಅನ್ನುವ ಸಾಲು ಇದ್ದರೆ ತೆಗೆಸಿ. ಸಂಬಳ ಕೊಡದೆ ಹಾಗೆ ಹೇಳುವುದು ನ್ಯಾಯವಲ್ಲ.

ಅವರ ಫೋಟೋ, ಪಾಸ್‌ವರ್ಡ್ ಎಲ್ಲ ನಮ್ಮ ಕಣ್ಣಿಗೆ ಬೀಳುತ್ತದಲ್ಲ?

ಬೀಳುತ್ತದೆ. ಫೋಲ್ಡರ್ ಕಾಪಿ ಮಾಡುವುದಕ್ಕೆ ಒಳಗಿನ ಫೋಟೋ ತೆಗೆದು ನೋಡುವ ಅಗತ್ಯವೇ ಇಲ್ಲ. ಪಾಸ್‌ವರ್ಡ್ ಅವರೇ ಟೈಪ್ ಮಾಡಲಿ, ನೀವು ಆ ಕಡೆ ತಿರುಗಿ. ಒಟಿಪಿ ಬಂದರೆ ಅವರ ಫೋನ್ ಮುಟ್ಟಬೇಡಿ. ಬ್ಯಾಕಪ್ ಅನ್ನು ನಿಮ್ಮ ಡಿಸ್ಕಿಗೆ ತಗೊಂಡಿದ್ದರೆ ಕೆಲಸ ಮುಗಿದ ಮೇಲೆ ಅವರ ಎದುರಲ್ಲೇ ಅಳಿಸಿ. ರಿಮೋಟ್ ಸಾಫ್ಟ್‌ವೇರ್ ಹಾಕಿದ್ದರೆ ಹೊರಡುವ ಮುಂಚೆ ತೆಗೆಯಿರಿ.

ವಯಸ್ಸಾದವರ ಮನೆಯಲ್ಲಿ ಇನ್ನೊಂದು ಕೆಲಸ ಇದೆ. ಸ್ಕ್ರೀನ್ ತುಂಬ ಕೆಂಪು ಎಚ್ಚರಿಕೆ ಬಂದು ಈ ನಂಬರ್‌ಗೆ ಫೋನ್ ಮಾಡಿ ಅಂತ ಇರುತ್ತದೆ. ಅದು ಮೋಸ. ಬ್ರೌಸರ್ ಮುಚ್ಚಿದರೆ ಮುಗಿಯಿತು. ಆಗಲೇ ಫೋನ್ ಮಾಡಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಇಂಟರ್‌ನೆಟ್ ತೆಗೆದುಬಿಡಿ. ಫಾರ್ಮ್ಯಾಟ್ ಮಾಡಬೇಡಿ, ದೂರು ಕೊಡುವಾಗ ಅದೇ ಸಾಕ್ಷಿ.

ನನ್ನ ಕೈಯಲ್ಲಿ ಏನಾದರೂ ಮುರಿದರೆ?

ಮುರಿದದ್ದನ್ನು ಮೊದಲು ನೀವೇ ಹೇಳಿ. ಕೆಲಸ ಶುರು ಮಾಡುವ ಮುಂಚೆ ಲ್ಯಾಪ್‌ಟಾಪ್‌ನ ನಾಲ್ಕು ಕಡೆ ಫೋಟೋ ತೆಗೆಯಿರಿ, ಹಿಂಜ್ ಹತ್ತಿರ ಬಿರುಕು ಇದ್ದರೆ ಜಾಬ್ ಶೀಟಿನಲ್ಲಿ ಬರೆದು ಸಹಿ ಹಾಕಿಸಿ. ಊದಿಕೊಂಡ ಬ್ಯಾಟರಿ ಕಂಡರೆ ಅದನ್ನು ಮೀಟಿ ತೆಗೆಯಲು ಹೋಗಬೇಡಿ, ಚುಚ್ಚಿದರೆ ಬೆಂಕಿ. ಆಫ್ ಮಾಡಿಸಿ ಸರ್ವೀಸ್ ಸೆಂಟರ್‌ಗೆ ಕಳಿಸಿ.

ಟಿಡಿಎಸ್ ಹಿಡಿದಿದ್ದಾರೆ, ಅದು ಹೋದ ದುಡ್ಡಾ?

ಅಲ್ಲ. ಟಿಡಿಎಸ್ ಅಂದರೆ ದುಡ್ಡು ಕೊಡುವಾಗಲೇ ಹಿಡಿಯುವ ಇನ್‌ಕಂ ಟ್ಯಾಕ್ಸ್. ನಿಮ್ಮನ್ನು ಕಾಂಟ್ರಾಕ್ಟರ್ ಅಂತ ಬರೆದುಕೊಂಡಿದ್ದರೆ ಶೇ. 1, ತಾಂತ್ರಿಕ ಸೇವೆ ಅಂತ ಬರೆದುಕೊಂಡಿದ್ದರೆ ಶೇ. 2 ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ. 20. ಹಿಡಿದ ದುಡ್ಡು ನಿಮ್ಮ ಪ್ಯಾನ್ ಹೆಸರಲ್ಲಿ ಇನ್‌ಕಂ ಟ್ಯಾಕ್ಸ್ ವೆಬ್‌ಸೈಟಿನಲ್ಲಿ ಕಾಣುತ್ತದೆ. ಕಾಣದಿದ್ದರೆ ಕಂಪನಿಯವರು ಕಟ್ಟಿಲ್ಲ, ಇಲ್ಲವೇ ಇನ್ನೂ ಲೆಕ್ಕ ಸಲ್ಲಿಸಿಲ್ಲ, ಬಿಡದೆ ಕೇಳಿ. ನಮ್ಮಂಥವರ ಆದಾಯಕ್ಕೆ ಸಾಮಾನ್ಯವಾಗಿ ತೆರಿಗೆಯೇ ಬರುವುದಿಲ್ಲ, ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ಬ್ಯಾಂಕ್ ಸಾಲ ಕೇಳುವಾಗಲೂ ಆ ರಿಟರ್ನ್ ಬೇಕಾಗುತ್ತದೆ. ಜಿಎಸ್‌ಟಿ ಚಿಂತೆ ಬೇಡ, ಸರ್ವೀಸ್‌ಗೆ ವರ್ಷಕ್ಕೆ 20 ಲಕ್ಷ ದಾಟಬೇಕು.

ಪಿಎಫ್, ಇಎಸ್‌ಐ ಇದೆಯಾ?

ಇಲ್ಲ. ಆಕ್ಸಿಡೆಂಟ್ ಆದರೆ ಆ ತಿಂಗಳು ಒಲೆ ಹಚ್ಚುವುದು ಕಷ್ಟ. ಆದ್ದರಿಂದ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇವತ್ತೇ ಮಾಡಿಸಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಬ್ಯಾಂಕಿನಲ್ಲಿ ಒಂದು ಫಾರಂ ಅಷ್ಟೇ. ಕಾರ್ಮಿಕರ ಸರ್ಕಾರಿ ಪೋರ್ಟಲ್ ಇ-ಶ್ರಮ್‌ನಲ್ಲೂ ಹೆಸರು ಬರೆಸಿ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ನಮ್ಮ ಹಾಗೆ ಸಂಬಳವಿಲ್ಲದೆ ಕೆಲಸಕ್ಕೆ ಇಷ್ಟು ಅಂತ ದುಡಿಯುವವರ, ಕಾಯ್ದೆ ಬಂದಿದೆ. ಆ್ಯಪ್ ಮೂಲಕ ಕೆಲಸ ಕೊಡುವ ಕಂಪನಿಗಳು ಪ್ರತಿ ಕೆಲಸಕ್ಕೆ ಶೇ. 1ರಿಂದ 5ರವರೆಗೆ ಕಲ್ಯಾಣ ನಿಧಿಗೆ ಕಟ್ಟಬೇಕು. ಕಾರಣ ಬರೆದು ಕೊಡದೆ, 14 ದಿನ ಮುಂಚೆ ಹೇಳದೆ ಸುಮ್ನೆ ಐಡಿ ತೆಗೆಯುವ ಹಾಗಿಲ್ಲ ಅಂತಲೂ ಇದೆ. ನಿಮ್ಮ ಕಂಪನಿ ಅದರ ಕೆಳಗೆ ಬರುತ್ತದಾ ಅಂತ ಸೇರುವಾಗಲೇ ಕೇಳಿ. ಕೇಳಿದರೆ ತಪ್ಪಿಲ್ಲ.

ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬಹುದಾ?

ಧಾರಾಳವಾಗಿ. ಒಂಟಿಯಾಗಿ ಇರುವ ಹೆಂಗಸರು, ಪಿಜಿ ಹುಡುಗಿಯರು ಲೇಡಿ ಟೆಕ್ನೀಶಿಯನ್ ಇದ್ದಾರಾ ಅಂತ ಕೇಳಿಯೇ ಬುಕ್ ಮಾಡುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಹೇಳುವ ಪ್ರಕಾರ ದೊಡ್ಡ ತೊಂದರೆ ಮಷಿನ್ ಅಲ್ಲ, ಟಾಯ್ಲೆಟ್. ಅದಕ್ಕೇ ಅವರು ಮೆಟ್ರೋ ಸ್ಟೇಷನ್ ಹತ್ತಿರದ ಏರಿಯಾ ಇಟ್ಟುಕೊಂಡಿದ್ದಾರೆ. ಸಂಜೆ ಆರರ ಮೇಲಿನ ಕಾಲ್ ತಗೊಳ್ಳುವುದಿಲ್ಲ.

ಗಂಡಸರಿಗೂ ಒಂದು ಮಾತು. ಮನೆಯಲ್ಲಿ ಚಿಕ್ಕ ಮಕ್ಕಳು ಮಾತ್ರ ಇದ್ದರೆ ಒಳಗೆ ಹೋಗಬೇಡಿ. ದೊಡ್ಡವರು ಬರುವವರೆಗೆ ಹೊರಗೇ ಕಾಯಿರಿ, ಇಲ್ಲವೇ ಟೈಮ್ ಬದಲಾಯಿಸಿಕೊಳ್ಳಿ.

ಬೆಂಗಳೂರಿನ ಹೊರಗೆ ಇದು ನಡೆಯುತ್ತದಾ?

ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ನಡೆಯುತ್ತದೆ. ಸಣ್ಣ ಊರಿನಲ್ಲಿ ಕಂಪನಿಯ ಕಾಲ್ ನಂಬಿ ಕೂರಲು ಆಗುವುದಿಲ್ಲ, ಸಿಸಿಟಿವಿ, ಪ್ರಿಂಟರ್ ಕೆಲಸ ಸೇರಿಸಿಕೊಳ್ಳಬೇಕು. ಕರಾವಳಿ ಕಡೆ ಉಪ್ಪುಗಾಳಿಗೆ ಸ್ಕ್ರೂ ಕೂಡ ತುಕ್ಕು ಹಿಡಿದಿರುತ್ತದೆ. ಮಲೆನಾಡಿನಲ್ಲಿ ಗುಡುಗು ಸಿಡಿಲು ಶುರುವಾದರೆ ಮೋಡೆಮ್, ಲ್ಯಾನ್ ಪೋರ್ಟ್ ಸುಟ್ಟ ಕಾಲ್‌ಗಳೇ. ಪ್ಲಗ್ ಜೊತೆ ನೆಟ್ ಕೇಬಲ್ ಕೂಡ ಕಿತ್ತಿಡಿ ಅಂತ ಅಲ್ಲಿಯವರಿಗೆ ಹೇಳಿ. ಪ್ಲಗ್ ಮಾತ್ರ ತೆಗೆಯುತ್ತಾರೆ.

ಕಾಫಿ ಕೊಟ್ಟರೆ ಕುಡಿಯಬಹುದಾ?

ಕುಡಿಯಿರಿ. ಲೋಟ ಮಾತ್ರ ಮಷಿನ್ ಇರುವ ಮೇಜಿನ ಮೇಲೆ ಇಡಬೇಡಿ.

ಹೊರಡುವ ಮುಂಚೆ ಏನು ನೋಡಬೇಕು?

ನೀವು ಆನ್ ಮಾಡಿ ತೋರಿಸುವುದಲ್ಲ, ಅವರೇ ಆನ್ ಮಾಡಲಿ. ಅವರ ಒಂದು ಫೈಲ್ ಅವರೇ ತೆಗೆಯಲಿ, ಪ್ರಿಂಟರ್ ಇದ್ದರೆ ಒಂದು ಹಾಳೆ ಪ್ರಿಂಟ್ ಆಗಲಿ. ಸೌಂಡ್ ಬರುತ್ತದಾ ಕೇಳಿ. ನಾನು ಹೀಗೆ ಮಾಡಲು ಶುರು ಮಾಡಿದ ಮೇಲೆ ತಿಂಗಳಿಗೆ ಒಂಬತ್ತಿದ್ದ ರಿಪೀಟ್ ಕಾಲ್ ಮೂರು ನಾಲ್ಕಕ್ಕೆ ಇಳಿದಿದೆ. ಆಮೇಲೆ ಸಹಿ, ಕ್ಲೋಸಿಂಗ್ ಒಟಿಪಿ, ದುಡ್ಡು. ಸ್ಕ್ರೂ ಎಣಿಸಿ. ಬಟ್ಟೆಯನ್ನು ಹೊರಗೆ ತಂದು ಕೊಡವಿ. ಯುಎಸ್‌ಬಿ ಪೋರ್ಟ್ ಒಂದು ಸಲ ನೋಡಿಕೊಳ್ಳಿ. ನಾನು ಇಲ್ಲಿಯವರೆಗೆ ಏಳು ಪೆನ್‌ಡ್ರೈವ್ ಬಿಟ್ಟು ಬಂದಿದ್ದೇನೆ.